ಗುಳ್ಳೆ ತುಂಬುವವಳು

ಗೆಂಟ್ ಊರಿನ ಸೈಕಲ್ ರಿಪೇರಿ ಅಂಗಡಿಯ ಮೇಲೆ
ಎರಡು ಕೋಣೆ, ಒಂದು ಸ್ಟೌ, ಇಳಿಜಾರು ಮೇಜು.
ಗೋಡಲೀವ ಚಿತ್ರ ಬರೆಯುತ್ತಾಳೆ,
ನಾನು ಅವಳ ಜನರ ಬಾಯಿಯ ಪಕ್ಕ
ಬಿಳಿ ಗುಳ್ಳೆಗಳಲ್ಲಿ ಮಾತು ತುಂಬುತ್ತೇನೆ.
ಮೂವತ್ತೊಂದು ವರ್ಷದ ಕಸುಬು.
ಅಕ್ಷರಕ್ಕಿಷ್ಟು ಎಂದು ಕೂಲಿ.

ಅದಕ್ಕೇ ಹೇಳುತ್ತೇನೆ, ಲೆಕ್ಕ ನನಗೆ ಗೊತ್ತು:
ಹಳೆಯ ಕತೆಗಳ ರಾಜಕುಮಾರಿಯರಿಂದ
ನನ್ನ ಒಲೆ ಉರಿದದ್ದಿಲ್ಲ.
"ಅಯ್ಯೋ", ಎರಡಕ್ಷರ.
"ಕಾಪಾಡಿ", ಮೂರು.
ಕೊನೆಯ ಪುಟದಲ್ಲೊಂದು "ಹೂಂ", ಅದೂ ತಲೆ ತಗ್ಗಿಸಿ.
ವೀರರೋ, ಕುದುರೆ ಹತ್ತುವಾಗೊಂದು ಭಾಷಣ,
ಇಳಿಯುವಾಗೊಂದು,
ನಡುವೆ ಕತ್ತಿಯ ವಂಶಾವಳಿ.
ಆ ಬಾಯಿಬಡುಕರ ಉಪ್ಪು ತಿಂದವಳು ನಾನು,
ಸುಳ್ಳು ಹೇಳಬಾರದು.

ಈ ಚಳಿಗಾಲ ಹೊಸ ಪುಸ್ತಕ.
ಮೊದಲ ಹಾಳೆಯಲ್ಲಿ ಗೋಪುರ, ಯಥಾಪ್ರಕಾರ.
ಕಿಟಕಿಯಲ್ಲಿ ಅವೆಜೂಟೆ,
ಕೌಂಟನ ಮೂರನೆಯ ಮಗಳು, ಮೂಗು ತುಸು ಸೊಟ್ಟ.
ಕೆಳಗೆ ಕವಚ ತೊಟ್ಟ ಸರದಾರ, ಕತ್ತು ಮೇಲೆತ್ತಿ:
"ಹೆದರಬೇಡ ಸುಂದರಿ, ನಾನು ಬಂದೆ!"
ಅವಳ ಗುಳ್ಳೆಗೆ ಬಿಟ್ಟದ್ದು ಅವರೆಕಾಳಿನಷ್ಟು ಜಾಗ.
ಬಿಸ್ಕತ್ತು ಡಬ್ಬಿಯ ಮುಚ್ಚಳಗಳ ಮೇಲೆ
ರಾಜಕುಮಾರಿಯರನ್ನು ಬರೆದು ಪಳಗಿದ ಕೈ,
ಹಳೇ ಚಾಳಿ ಬಿಡದು.
ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದ ಮಾತು ಮಾತ್ರ ಹೀಗಿತ್ತು:

"ಯಾರಪ್ಪ ನೀನು? ಕಾಲು ಒರೆಸಿಕೊಂಡು ಬಾ.
ಬಾಗಿಲು ತೆರೆದೇ ಇದೆ, ತಳ್ಳಬೇಕು, ಒದೆಯಬಾರದು.
ಹನ್ನೆರಡು ಹಳ್ಳಿಯ ಉಪ್ಪಿನ ಸುಂಕ ಕೂಡುತ್ತಿದ್ದೇನೆ,
ಮಾತಾಡಿಸಿ ಲೆಕ್ಕ ತಪ್ಪಿಸಬೇಡ."

ಅವರೆಕಾಳಲ್ಲಿ ಇದನ್ನೆಲ್ಲಿ ತುಂಬಲಿ?
"ಗೋಡಲೀವ," ಅಂದೆ, "ಕೋಟೆ ಚಿಕ್ಕದು ಮಾಡು."
ಕನ್ನಡಕದ ಮೇಲಿಂದ ನೋಡಿದಳು.
ರಬ್ಬರು ತಗೊಂಡು ಒಂದು ಬುರುಜು ಕೆಡವಿದಳು.
ಮಾರನೇ ದಿನ ಇನ್ನೊಂದು.
ಮೂರನೇ ವಾರಕ್ಕೆ ಸರದಾರನ ಶಿರಸ್ತ್ರಾಣದ ಗರಿ ಹೋಯಿತು,
ಕುದುರೆಯ ಹಿಂಭಾಗ ಚೌಕಟ್ಟಿನಾಚೆ ಸರಿಯಿತು.
ಮುತ್ತಿಗೆಯಿಲ್ಲದೆ ಕೋಟೆ ಬಿದ್ದದ್ದು
ನಾನು ಕಂಡಂತೆ ಇದೇ ಮೊದಲು.

ಹದಿನಾಲ್ಕನೇ ಪುಟಕ್ಕೆ ಹೈಲ್‌ವಿಗ್ ಬಂದಳು,
ಕಮ್ಮಾರರ ಹೆಣ್ಣು, ಮಾಟಗಾತಿ ಎಂದು ಊರು ಅಟ್ಟಿದವಳು.
ಮಾತು ಕಡಿಮೆ, ಬೈಗುಳ ಜಾಸ್ತಿ.
ಬೈಗುಳಕ್ಕೂ ಅಷ್ಟೇ ಕೂಲಿ, ದೇವರು ದೊಡ್ಡವನು.
ಇಬ್ಬರೂ ಗುಹೆಗೆ ನಡೆದರು, ಹಿಂದೆ ಸರದಾರ
ಪಂಜು ಹಿಡಿದು. ಆ ಕೆಲಸಕ್ಕೆ ಅವನ ಕೈ ಕುದುರಿತ್ತು.

ಒಳಗೆ ಡ್ರ್ಯಾಗನ್, ಹೊನ್ನಿನ ಗುಡ್ಡೆಯ ಮೇಲೆ.
ಸರದಾರನ ಗುಳ್ಳೆಯಲ್ಲಿ ಬರೆದೆ, ಎಂದಿನಂತೆ:
"ನೋಡಿ, ಕಾವಲು ಕೂತಿದೆ!"
ಎಷ್ಟು ಸಲ ಬರೆದಿದ್ದೇನೋ ಆ ಸಾಲು.
ಮುಂದಿನ ಚೌಕದಲ್ಲಿ ಅವೆಜೂಟೆ ಬಗ್ಗಿ ನೋಡುತ್ತಾಳೆ.
ರೆಕ್ಕೆಯ ಕೆಳಗೆ, ನಾಣ್ಯಗಳ ಬಿಸಿಯಲ್ಲಿ,
ಏಳು ಮೊಟ್ಟೆ.

ಬ್ಲೇಡಿನ ತುದಿಯಿಂದ ಮೆಲ್ಲಗೆ
ಕಾವಲಿನ ಲಕಾರ ಕೆರೆದು ತೆಗೆದೆ.
ಕೊಂಬು ಮಾತ್ರ ಉಳಿಸಿ ವಕಾರಕ್ಕೆ ಕೊಟ್ಟೆ,
ಆ ತಾಯಿಗೆ ಬೇಕಾದೀತೆಂದು.
ಕಾವು ಕೂತಿದೆ.

ಆ ಪುಟದಲ್ಲಿ ಮುಂದೆ ಯಾರೂ ಮಾತಾಡುವುದಿಲ್ಲ.
ಹೈಲ್‌ವಿಗ್ ಕೂಡ ಉಸಿರು ಬಿಗಿಹಿಡಿದಿದ್ದಾಳೆ.
ಸರದಾರ ಪಂಜನ್ನು ಬೆನ್ನ ಹಿಂದೆ ಮರೆಮಾಡಿದ್ದಾನೆ,
ಒಳ್ಳೆಯ ಕೆಲಸ, ಹೇಳಲೇಬೇಕು.
ನನಗೆ ಒಂದು ಕಾಸೂ ಹುಟ್ಟದ ಪುಟ.
ಅದನ್ನೇ ದಿನಕ್ಕೆರಡು ಸಲ ತೆಗೆದು ನೋಡುತ್ತೇನೆ.

ಕೊನೆಯ ಹಾಳೆ ಇನ್ನೂ ಮೇಜಿನ ಮೇಲಿದೆ.
ಮದುವೆ ಇಲ್ಲವೇ ಎಂದು ಪ್ರಕಾಶಕರ ಫೋನು, ಎರಡು ಸಲ.
ಡ್ರ್ಯಾಗನ್ ಒಂದಕ್ಕೆ ಅರ್ಧ ರಾಜ್ಯ, ಜೊತೆಗೊಬ್ಬ ಮಗಳು:
ಹಿಂದಿನಿಂದ ಬಂದ ಬೆಲೆಪಟ್ಟಿ ಅವರಿಗೆ ಬಾಯಿಪಾಠ.
ಕೆಳಗೆ ಅಂಗಡಿಯವನು ಚಕ್ರ ತಿರುಗಿಸಿ ಬಿಡುತ್ತಾನೆ, ಟಿಕ್ ಟಿಕ್ ಟಿಕ್.
ಲೈ ನದಿಯ ಮೇಲೆ ಮಂಜು.
ಗೋಡಲೀವ ಅವೆಜೂಟೆಯ ಬಾಯಿ ತೆರೆದಂತೆ ಬರೆದು
ಪಕ್ಕಕ್ಕೊಂದು ಗುಳ್ಳೆ ಎಳೆದಿದ್ದಾಳೆ, ಹಾಳೆಯ ಅರ್ಧದಷ್ಟು.
ಅಂಚಿನಲ್ಲಿ ಏನೂ ಗೀಚಿಲ್ಲ.
"ಏನು ಹಾಕಲಿ?"
"ನನ್ನನ್ನೇಕೆ ಕೇಳುತ್ತೀ, ಅವಳನ್ನು ಕೇಳು," ಅಂದವಳೇ
ಸೂಪಿಗೆ ಉಪ್ಪು ನೋಡಲು ಎದ್ದುಹೋದಳು.

ನಿಬ್ಬು ಅದ್ದಿ ಕೂತಿದ್ದೇನೆ,
ಆ ಸೊಟ್ಟ ಮೂಗಿನ ಎದುರು, ಕಿವಿಗೊಟ್ಟು.
ಶಾಯಿ ಒಣಗುತ್ತಿದೆ.
ತಡೆ, ಎನ್ನುತ್ತಾಳೆ,
ಲೆಕ್ಕ ಮುಗಿಯಲಿ.